ಇಂಗ್ಲಿಷಿನಲ್ಲಿ ಹೇತುಪ್ರಶ್ನೆಯ ತಾರತಮ್ಯ

ಒಂದು ಕಾರ್ಯಕ್ಕೆ ಕಾರಣವೇನೆಂದು ಕೇಳುವುದಕ್ಕೆ ಇಂಗ್ಲಿಷ್ ಭಾಷೆಯಲ್ಲಿ ಹಲವು ಮಾತುಗಳಿರುವುವು. 'ವೈ' ಎಂಬುದು ಎಲ್ಲರಿಗೂ ತಿಳಿದದ್ದು. ಅದರ ಸುತ್ತಲೂ 'ಹೌ ಕಮ್', 'ವಾಟ್ ಫಾರ್', 'ಫಾರ್ ವಾಟ್ ರೀಸನ್', 'ಆನ್ ವಾಟ್ ಗ್ರೌಂಡ್ಸ್', 'ವೇರ್‌ಫೋರ್' ಮೊದಲಾದುವು ನಿಂತಿವೆ. ಪಾಠಶಾಲೆಗಳಲ್ಲಿ ಇವೆಲ್ಲಕ್ಕೂ 'ಏಕೆ' ಎಂಬ ಒಂದೇ ಅರ್ಥವನ್ನು ಬರೆಯಿಸಿ, ಪಕ್ಕದಲ್ಲಿ 'ಸಲಿಗೆಯ ಮಾತು', 'ಗ್ರಾಂಥಿಕ', 'ಪ್ರಾಚೀನ' ಎಂದು ಒಂದೊಂದು ಗುರುತನ್ನು ಹಾಕಿ ಮುಗಿಸುವುದು ವಾಡಿಕೆಯಾಗಿದೆ. ಈ ವಾಡಿಕೆಯು ಎಷ್ಟರಮಟ್ಟಿಗೆ ಸಾಧು ಎಂಬುದೇ ಪ್ರಕೃತ ವಿಚಾರದ ವಿಷಯ.

ಪೂರ್ವಪಕ್ಷವು ಹೀಗಿದೆ: ಈ ಮಾತುಗಳೆಲ್ಲ ಪರ್ಯಾಯಪದಗಳು. ಅರ್ಥದಲ್ಲಿ ಭೇದವಿಲ್ಲ; ಭೇದವಿರುವುದು ಗೌರವದಲ್ಲಿ ಮಾತ್ರ. ಇವನ್ನು ಒಂದು ಏಣಿಯ ಮೆಟ್ಟಿಲುಗಳಂತೆ ಜೋಡಿಸಬಹುದು. ಎಲ್ಲಕ್ಕೂ ಕೆಳಗೆ 'ಹೌ ಕಮ್', ಅದರ ಮೇಲೆ 'ವಾಟ್ ಫಾರ್', ನಡುವೆ 'ವೈ', ಅದಕ್ಕೂ ಮೇಲೆ 'ಫಾರ್ ವಾಟ್ ರೀಸನ್', ತುದಿಯಲ್ಲಿ 'ವೇರ್‌ಫೋರ್'. ಮೇಲಕ್ಕೆ ಹತ್ತಿದಷ್ಟೂ ಮರ್ಯಾದೆ ಹೆಚ್ಚು, ಕೆಳಕ್ಕಿಳಿದಷ್ಟೂ ಸಲಿಗೆ ಹೆಚ್ಚು. ಆದುದರಿಂದ ಹಿರಿಯರೊಡನೆ ಮೇಲಿನ ಮೆಟ್ಟಿಲ ಮಾತನ್ನೂ ಗೆಳೆಯರೊಡನೆ ಕೆಳಗಿನ ಮೆಟ್ಟಿಲ ಮಾತನ್ನೂ ಬಳಸಿದರೆ ಸಾಕು.

ಈ ಪಕ್ಷದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಇಂಗ್ಲಿಷ್ ಕೋಶಕಾರರು 'ಹೌ ಕಮ್' ಎಂಬುದಕ್ಕೆ ವ್ಯಾವಹಾರಿಕವೆಂಬ ಗುರುತನ್ನು ಕೊಟ್ಟೇ ಇದ್ದಾರೆ. ನ್ಯಾಯಾಲಯದ ಮನವಿಯಲ್ಲಿಯೂ ವಿದ್ವತ್ಪ್ರಬಂಧದಲ್ಲಿಯೂ ಅದು ಸಲ್ಲದು. ಆದರೆ ಏಣಿಯ ಕಲ್ಪನೆಗೆ ಮೂರು ಆಕ್ಷೇಪಗಳು ಬರುತ್ತವೆ. ಈ ಪದಗಳು ಸಮಾನಾರ್ಥಕಗಳಲ್ಲ ಎಂಬುದು ಮೊದಲನೆಯದು. ತುದಿಯಲ್ಲಿರುವುದೆನ್ನುವ 'ವೇರ್‌ಫೋರ್' ಪದದ ಗಾಂಭೀರ್ಯವು ಅದರ ಹುಟ್ಟುಗುಣವಲ್ಲ, ಮುಪ್ಪಿನಿಂದ ಬಂದದ್ದು ಎಂಬುದು ಎರಡನೆಯದು. ಗ್ರಾಂಥಿಕತೆಯೇ ಬೇರೆ, ವಿನಯವೇ ಬೇರೆ ಎಂಬುದು ಮೂರನೆಯದು, ಇದೇ ಮುಖ್ಯವಾದದ್ದು. ಇವನ್ನು ಒಂದೊಂದಾಗಿ ಪರಿಶೀಲಿಸಬಹುದು.

೧

ಮೊದಲು 'ವೈ' ಪದ. ಪ್ರಾಚೀನ ಇಂಗ್ಲಿಷಿನಲ್ಲಿ ಇದರ ರೂಪ 'ಹ್ವೀ'. 'ಏನು' ಎಂಬರ್ಥದ 'ಹ್ವಾಟ್' ಎಂಬ ಸರ್ವನಾಮಕ್ಕೆ ಕರಣವಿಭಕ್ತಿಯನ್ನು ಹಚ್ಚಿದರೆ ಬರುವ ರೂಪವಿದು ಎಂದು ಆ ಭಾಷೆಯ ವೈಯಾಕರಣರು ಹೇಳುತ್ತಾರೆ. ಯಾಕೋಬ್ ಗ್ರಿಮ್ ಎಂಬ ಜರ್ಮನ್ ಪಂಡಿತನು ೧೮೨೨ರಲ್ಲಿ ವಿವರಿಸಿದ ವ್ಯಂಜನಪರಿವರ್ತನೆಯ ನಿಯಮದ ಪ್ರಕಾರ ಸಂಸ್ಕೃತದ ಪ್ರಶ್ನಾರ್ಥಕ ಕಕಾರಕ್ಕೆ ಇಂಗ್ಲಿಷಿನ ಮೊದಲಿನ ಹ್ವಕಾರವು ಪ್ರತಿಯಾಗಿ ನಿಲ್ಲುತ್ತದೆ. ಸಂಸ್ಕೃತದ 'ಕಿಂ' ಶಬ್ದಕ್ಕೆ ತೃತೀಯೆಯಲ್ಲಿ 'ಕೇನ' ಎಂದಾಗುವಂತೆಯೇ ಇಂಗ್ಲಿಷಿನ 'ಏನು' ಎಂಬ ಶಬ್ದವು ಕರಣಾರ್ಥದಲ್ಲಿ 'ವೈ' ಆಗಿದೆ. ಎಂದರೆ 'ವೈ' ಎಂಬುದರ ಮೂಲಾರ್ಥ 'ಏತರಿಂದ' ಎಂದು.

ಪಾಣಿನಿಯ ವ್ಯಾಕರಣವನ್ನು ಬಲ್ಲವರಿಗೆ ಇದು ಹೊಸದಾಗಿ ತೋರಲಾರದು. ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಇಪ್ಪತ್ತಮೂರನೆಯ ಸೂತ್ರವು ಹೇತ್ವರ್ಥದಲ್ಲಿ ತೃತೀಯೆಯನ್ನು ವಿಧಿಸುತ್ತದೆ. ಅದರ ವಿವರಣೆಯಲ್ಲಿ ಭಟ್ಟೋಜಿ ದೀಕ್ಷಿತರು ಫಲವನ್ನೂ ಹೇತುವೆಂದೇ ಪರಿಗಣಿಸಿ, ಅಧ್ಯಯನದ ಸಲುವಾಗಿ ಒಂದೆಡೆ ವಾಸಿಸುವವನ ವಿಷಯದಲ್ಲಿಯೂ ತೃತೀಯೆಯು ಸಲ್ಲುವುದೆಂದು ತೋರಿಸಿದ್ದಾರೆ. 'ವೈ' ಪದದ ನಡತೆಯೂ ಇದೇ. ಮರವೇಕೆ ಬಿದ್ದಿತೆಂದು ಕೇಳುವಾಗ ಅದು ಕಾರಣವನ್ನು ಕೇಳುತ್ತದೆ. ಹುಡುಗನೇಕೆ ಪೇಟೆಗೆ ಹೋದನೆಂದು ಕೇಳುವಾಗ ಪ್ರಯೋಜನವನ್ನು ಕೇಳುತ್ತದೆ. ಎರಡನ್ನೂ ಒಳಗೊಳ್ಳುವ ವ್ಯಾಪ್ತಿ ಅದಕ್ಕಿದೆ.

ಈ ವ್ಯಾಪ್ತಿಯು ಅರ್ಥದಲ್ಲಿರುವಂತೆ ಪ್ರಯೋಗದಲ್ಲಿಯೂ ಇದೆ. ಮಗುವೂ ತತ್ತ್ವಜ್ಞಾನಿಯೂ ನ್ಯಾಯಾಧೀಶನೂ ಭಕ್ತನೂ ಇದನ್ನೇ ನುಡಿಯುತ್ತಾರೆ. ಏಣಿಯ ನಡುಮೆಟ್ಟಿಲಲ್ಲಿ ಇದನ್ನು ಕೂಡಿಸುವುದು ತಪ್ಪು. ಇದು ಎಲ್ಲ ಮೆಟ್ಟಿಲುಗಳಲ್ಲಿಯೂ ಓಡಾಡುವ ಪದ. ಉಳಿದವು ಒಂದೊಂದು ಸಂದರ್ಭಕ್ಕೆ ಕಟ್ಟುಬಿದ್ದಿವೆ.

೨

ಇನ್ನು 'ವೇರ್‌ಫೋರ್'. 'ವೇರ್' ಎಂದರೆ ಸಾಮಾನ್ಯವಾಗಿ 'ಎಲ್ಲಿ' ಎಂದರ್ಥ. ಆದರೆ ಈ ಸಮಾಸದಲ್ಲಿ ಅದು 'ಯಾವುದು' ಎಂಬುದರ ಸ್ಥಾನದಲ್ಲಿ ನಿಂತು, 'ಫೋರ್' ಎಂಬ ಉತ್ತರಪದದೊಡನೆ ಸೇರಿ 'ಯಾವುದಕ್ಕಾಗಿ' ಎಂಬರ್ಥವನ್ನು ಕೊಡುತ್ತದೆ. ಸಮಾಸದ ಈ ಮರ್ಮವನ್ನು ಮರೆತದ್ದರಿಂದ ಉಂಟಾದ ಒಂದು ಪ್ರಸಿದ್ಧ ಪ್ರಮಾದವು ಷೇಕ್ಸ್‌ಪಿಯರನ 'ರೋಮಿಯೋ ಅಂಡ್ ಜೂಲಿಯೆಟ್' ನಾಟಕದ ಎರಡನೆಯ ಅಂಕಕ್ಕೆ ಸಂಬಂಧಿಸಿದ್ದು. ರಾತ್ರಿಯಲ್ಲಿ ನಾಯಿಕೆಯು ತನ್ನ ಪ್ರಿಯನು ಕೇಳುತ್ತಿರುವನೆಂಬುದನ್ನು ಅರಿಯದೆ ಆಡುವ ಮಾತಿನಲ್ಲಿ ಈ ಪದವಿದೆ. ಅವಳು ಪ್ರಿಯನನ್ನು ಕತ್ತಲೆಯಲ್ಲಿ ಹುಡುಕುತ್ತಾ 'ಎಲ್ಲಿರುವೆ' ಎಂದು ಕೇಳುತ್ತಾಳೆಂದು ಇಂಗ್ಲಿಷ್ ಮಾತನಾಡುವ ನಾಡುಗಳಲ್ಲಿಯೇ ಅನೇಕರು ಭಾವಿಸಿದ್ದುಂಟು. ವಾಸ್ತವವಾಗಿ ಅವಳ ಪ್ರಶ್ನೆಯು ಸ್ಥಳದ್ದಲ್ಲ, ಕಾರಣದ್ದು. ವೈರಿಯ ಮನೆತನದ ಹೆಸರನ್ನು ಅವನು ಏಕೆ ಹೊತ್ತಿರಬೇಕು ಎಂಬುದು ಅವಳ ಸಂಕಟ. ಮುಂದೆ ಅವಳು ಹೆಸರಿಗೂ ವಸ್ತುವಿಗೂ ಇರುವ ಸಂಬಂಧವನ್ನು ಕುರಿತು ಮಾಡುವ ವಿಚಾರವೆಲ್ಲ ಈ ಪ್ರಶ್ನೆಯಿಂದಲೇ ಹೊರಡುತ್ತದೆ. ಒಂದು ಪದದ ಅರ್ಥ ಕೆಟ್ಟರೆ ಆ ಭಾಷಣದ ತರ್ಕವೇ ಕೆಡುವುದು.

ಈ ಪದಕ್ಕೆ ಆ ಕಾಲದಲ್ಲಿ 'ವೈ' ಪದಕ್ಕಿಂತ ಹೆಚ್ಚಿನ ಗೌರವವಿತ್ತೆ ಎಂಬುದು ವಿಚಾರಣೀಯವಾದ ಅಂಶ. ಇದಕ್ಕೆ ೧೬೧೧ರಲ್ಲಿ ಜೇಮ್ಸ್ ದೊರೆಯ ಆಶ್ರಯದಲ್ಲಿ ಪ್ರಕಟವಾದ ಬೈಬಲ್ ಭಾಷಾಂತರವು ಒಳ್ಳೆಯ ಸಾಕ್ಷಿ. ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ 'ಹಿನತಿ' ಎಂಬ ಪ್ರಶ್ನಪದವಿದೆ. ಒಂಬತ್ತನೆಯ ಅಧ್ಯಾಯದಲ್ಲಿ, ಮನಸ್ಸಿನಲ್ಲಿ ಕೆಟ್ಟದ್ದನ್ನು ನೆನೆಯುತ್ತಿದ್ದ ಶಾಸ್ತ್ರಿಗಳನ್ನು ಏಸುವು ಆಕ್ಷೇಪಿಸುವಾಗ ಇದು ಬರುತ್ತದೆ. ಇಪ್ಪತ್ತೇಳನೆಯ ಅಧ್ಯಾಯದಲ್ಲಿ, ಶಿಲುಬೆಯ ಮೇಲಿಂದ ಅವನು ದೇವರನ್ನೇ ಕೂಗಿ ಕೇಳುವಾಗಲೂ ಇದೇ ಬರುತ್ತದೆ. ಗ್ರಂಥವೂ ಒಂದು, ಮಾತನಾಡುವವನೂ ಒಬ್ಬ, ಮೂಲಪದವೂ ಒಂದು. ೧೬೧೧ರ ಭಾಷಾಂತರಕಾರರು ಮೊದಲನೆಯ ಎಡೆಯಲ್ಲಿ 'ವೇರ್‌ಫೋರ್' ಎಂದೂ ಎರಡನೆಯ ಎಡೆಯಲ್ಲಿ 'ವೈ' ಎಂದೂ ಇಟ್ಟಿದ್ದಾರೆ. ಏಣಿಯ ಕಲ್ಪನೆಯು ಅವರಿಗಿದ್ದಿದ್ದರೆ ದೇವರನ್ನು ಕುರಿತ ಪ್ರಶ್ನೆಗೆ ಮೇಲಿನ ಮೆಟ್ಟಿಲ ಪದವನ್ನೂ ಶಾಸ್ತ್ರಿಗಳ ಆಕ್ಷೇಪಕ್ಕೆ ಕೆಳಗಿನದನ್ನೂ ಆರಿಸುತ್ತಿದ್ದರು. ನಡೆದಿರುವುದು ತದ್ವಿರುದ್ಧ. ಅವರ ಕಿವಿಗೆ ಇವೆರಡರಲ್ಲಿ ಮೇಲುಕೀಳೆಂಬುದು ಇರಲಿಲ್ಲವೆಂದೇ ಇದರಿಂದ ಊಹಿಸಬೇಕಾಗುತ್ತದೆ.

೧೯೪೬ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಪರಿಷ್ಕೃತ ಹೊಸ ಒಡಂಬಡಿಕೆಯಲ್ಲಿ ಎರಡು ಎಡೆಗಳಲ್ಲಿಯೂ 'ವೈ' ಎಂದೇ ಇದೆ. ಅಷ್ಟರಲ್ಲಿ 'ವೇರ್‌ಫೋರ್' ಪ್ರಶ್ನಪದವಾಗಿ ಬಳಕೆಯಿಂದ ಜಾರಿಹೋಗಿತ್ತು. ಉಳಿದದ್ದು ಎರಡು ಮೂಲೆಗಳಲ್ಲಿ: ಒಂದು, ಅಮೆರಿಕದ ನ್ಯಾಯಾಲಯಗಳ ದಾವೆಪತ್ರದ ಕೊನೆಯಲ್ಲಿ 'ಆದಕಾರಣ' ಎಂಬರ್ಥದಲ್ಲಿ, ಇನ್ನೊಂದು, 'ವೈಸ್ ಅಂಡ್ ವೇರ್‌ಫೋರ್ಸ್' ಎಂಬ ಜೋಡುನುಡಿಯಲ್ಲಿ ನಾಮಪದವಾಗಿ. ಈ ಜೋಡಿಯ ಬಗೆಯೂ ಹಳೆಯದೇ. ೧೬೨೩ರ ಸಂಪುಟದಲ್ಲಿ ಮೊದಲು ಅಚ್ಚಾದ 'ದಿ ಕಾಮೆಡಿ ಆಫ್ ಎರರ್ಸ್' ನಾಟಕದಲ್ಲಿ ಪೆಟ್ಟು ತಿಂದ ಸೇವಕನೊಬ್ಬನು 'ವೈ' ಎಂಬುದನ್ನು ಪ್ರಶ್ನೆಯ ಹೆಸರಾಗಿಯೂ 'ವೇರ್‌ಫೋರ್' ಎಂಬುದನ್ನು ಅದರ ಸಮಾಧಾನದ ಹೆಸರಾಗಿಯೂ ಎದುರುಬದುರು ನಿಲ್ಲಿಸಿ ಹಾಸ್ಯಮಾಡುತ್ತಾನೆ. ಅಲ್ಲಿ ಭೇದವಿರುವುದು ಅರ್ಥದಲ್ಲಿ, ಗೌರವದಲ್ಲಲ್ಲ.

ಆದುದರಿಂದ 'ವೇರ್‌ಫೋರ್' ಎಂಬುದರ ಗಾಂಭೀರ್ಯವು ಹಳೆಯ ದೇಗುಲದ ಕಲ್ಲಿಗೆ ಬಂದ ಕಪ್ಪಿನಂತೆ ಕಾಲದಿಂದ ಬಂದದ್ದು. ಇಂದು ಯಾವನಾದರೂ ಹಿರಿಯರೊಡನೆ ಮರ್ಯಾದೆಗೆಂದು ಇದನ್ನು ಬಳಸಿದರೆ ಅದು ವಿನಯವಾಗಿ ಕೇಳಿಸದೆ ಪರಿಹಾಸವಾಗಿ ಕೇಳಿಸುವುದು.

೩

'ವಾಟ್ ಫಾರ್' ಎಂಬುದನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಘಟನೆಯಲ್ಲಿ ಇದು 'ವೇರ್‌ಫೋರ್' ಪದದ ಬಿಡಿಸಿದ ರೂಪವೇ. ಎರಡರ ಅರ್ಥವೂ 'ಯಾವುದಕ್ಕಾಗಿ' ಎಂದು. ಒಂದನ್ನು ತುದಿಯ ಮೆಟ್ಟಿಲಲ್ಲಿಯೂ ಇನ್ನೊಂದನ್ನು ತಳದ ಹತ್ತಿರವೂ ಇಟ್ಟಿರುವುದು ವಾಡಿಕೆಯ ಬಲವೇ ಹೊರತು ಪದರಚನೆಯ ಬಲವಲ್ಲ. ಗಮನಿಸಬೇಕಾದದ್ದು ಇದರ ಅರ್ಥಸಂಕೋಚ. ಇದು ಪ್ರಯೋಜನವನ್ನು ಮಾತ್ರ ಕೇಳುತ್ತದೆ. ಪೇಟೆಗೆ ಹೋದವನನ್ನು ಹೀಗೆ ಕೇಳಬಹುದು. ಗಾಳಿಗೆ ಬಿದ್ದ ಮರವನ್ನು ಕುರಿತು ಕೇಳಿದರೆ ಮರಕ್ಕೆ ಉದ್ದೇಶವನ್ನು ಆರೋಪಿಸಿದಂತಾಗುವುದು. ಬ್ರಿಟಿಷರ ಆಡುಮಾತಿನಲ್ಲಿ ಒಬ್ಬನಿಗೆ 'ವಾಟ್ ಫಾರ್' ಕೊಡುವುದೆಂದರೆ ಅವನನ್ನು ಗದರಿಸಿ ದಂಡಿಸುವುದೆಂದು ಅರ್ಥ. ಉದ್ದೇಶವನ್ನು ಕೇಳುವ ಪದವು ಶಿಕ್ಷೆಯ ಹೆಸರಾದುದು ಆ ಪದದೊಳಗಿನ ಗದರಿಕೆಯ ಛಾಯೆಯನ್ನು ಸೂಚಿಸುತ್ತದೆ.

೪

'ಹೌ ಕಮ್' ಎಂಬುದು ಅಮೆರಿಕದ ಆಡುನುಡಿಯಾಗಿ ಬೆಳಕಿಗೆ ಬಂದ ಪ್ರಯೋಗ. ಜಾನ್ ರಸೆಲ್ ಬಾರ್ಟ್ಲೆಟ್ ಎಂಬ ವಿದ್ವಾಂಸನು ೧೮೪೮ರಲ್ಲಿ ಪ್ರಕಟಿಸಿದ ಅಮೆರಿಕದ ವಿಶಿಷ್ಟಪದಗಳ ಕೋಶದಲ್ಲಿ ಇದನ್ನು ದಾಖಲಿಸಿದ್ದಾನೆ. 'ಇದು ಹೇಗೆ ಒದಗಿ ಬಂದಿತು' ಎಂಬರ್ಥದ ದೀರ್ಘವಾಕ್ಯವು ಸವೆದು ಎರಡು ಪದಗಳಾಗಿ ನಿಂತಿರುವುದೆಂದು ಇದರ ವ್ಯುತ್ಪತ್ತಿ. ಷೇಕ್ಸ್‌ಪಿಯರನ ಕಾಲದ ಇಂಗ್ಲಿಷಿನಲ್ಲಿ 'ಹೌ ಕಮ್ಸ್ ಇಟ್' ಎಂಬ ಸವೆಯದ ರೂಪವು ಶಿಷ್ಟರ ಮಾತಿನಲ್ಲಿಯೇ ಇತ್ತು. ಸವೆದುದರಿಂದ ಅದು ಗ್ರಾಮ್ಯವೆನಿಸಿತೇ ಹೊರತು ಮೂಲದಿಂದಲ್ಲ.

ಆದರೆ ಇದರ ನಿಜವಾದ ವೈಶಿಷ್ಟ್ಯವಿರುವುದು ವಾಕ್ಯರಚನೆಯಲ್ಲಿ. 'ವೈ' ಎಂದು ಕೇಳುವಾಗ ಇಂಗ್ಲಿಷಿನಲ್ಲಿ ಸಹಾಯಕ್ರಿಯಾಪದವು ಕರ್ತೃಪದಕ್ಕಿಂತ ಮುಂದೆ ಬರುತ್ತದೆ: 'ವೈ ಡಿಡ್ ಯೂ ಕಮ್ ಲೇಟ್'. 'ಹೌ ಕಮ್' ಎಂದಾಗ ಈ ಕ್ರಮವ್ಯತ್ಯಯವಿಲ್ಲ: 'ಹೌ ಕಮ್ ಯೂ ಕೇಮ್ ಲೇಟ್'. ಇಲ್ಲಿ ಹಿಂದಿನ ಎರಡು ಪದಗಳನ್ನು ತೆಗೆದರೆ ಉಳಿಯುವುದು 'ನೀವು ತಡವಾಗಿ ಬಂದಿರಿ' ಎಂಬ ಪೂರ್ಣ ನಿರೂಪಣವಾಕ್ಯ. ಇದಕ್ಕೆ ಕಾರಣವು ವ್ಯುತ್ಪತ್ತಿಯಲ್ಲಿಯೇ ಇದೆ. 'ಕಮ್' ಎಂಬುದು ಮೊದಲು ಪ್ರಧಾನಕ್ರಿಯೆಯಾಗಿದ್ದು, ಮುಂದಿನದು ಅದಕ್ಕೆ ಅಧೀನವಾದ ಉಪವಾಕ್ಯವಾಗಿತ್ತು. ಅಧೀನವಾಕ್ಯದಲ್ಲಿ ಪದಕ್ರಮವು ತಿರುಗುವುದಿಲ್ಲ.

ಆನ್ ಝ್ವಿಕಿ, ಆರ್ನಲ್ಡ್ ಝ್ವಿಕಿ ಎಂಬ ಭಾಷಾಶಾಸ್ತ್ರಜ್ಞರು ೧೯೭೩ರಲ್ಲಿ 'ಹೌ ಕಮ್' ಮತ್ತು 'ವಾಟ್ ಫಾರ್' ಎಂಬಿವೆರಡನ್ನೇ ವಿಷಯವಾಗಿಟ್ಟುಕೊಂಡು ಲೇಖನವನ್ನು ಪ್ರಕಟಿಸಿದರು. ೧೯೯೧ರಲ್ಲಿ ಕ್ರಿಸ್ ಕಾಲಿನ್ಸ್ 'ವೈ' ಮತ್ತು 'ಹೌ ಕಮ್' ಎಂಬಿವನ್ನು ಹೋಲಿಸಿದರು. ಇಂತಹ ಪರಿಶೀಲನೆಗಳಿಂದ ಸ್ಥಿರಪಟ್ಟ ಅಂಶಗಳಲ್ಲಿ ಎರಡು ಇಲ್ಲಿ ಪ್ರಸ್ತುತ. ಮೊದಲನೆಯದು ಅನ್ವಯದ್ದು. 'ಅವಳು ಹೋದಳೆಂದು ಅವನು ಏಕೆ ಹೇಳಿದನು' ಎಂಬರ್ಥದ ಇಂಗ್ಲಿಷ್ ವಾಕ್ಯದಲ್ಲಿ 'ವೈ' ಇದ್ದರೆ ಅದು ಹೇಳಿದುದಕ್ಕೂ ಅನ್ವಯಿಸಬಹುದು, ಹೋದುದಕ್ಕೂ ಅನ್ವಯಿಸಬಹುದು. 'ಹೌ ಕಮ್' ಇದ್ದರೆ ಹೇಳಿದುದಕ್ಕೆ ಮಾತ್ರ ಅನ್ವಯ. ಎರಡನೆಯದು ಅಭ್ಯುಪಗಮದ್ದು. 'ಹೌ ಕಮ್' ಎಂದು ಕೇಳುವವನು ಸಂಗತಿಯು ನಡೆದಿದೆ ಎಂಬುದನ್ನು ಒಪ್ಪಿಕೊಂಡೇ ಕೇಳುತ್ತಾನೆ. ಆದುದರಿಂದಲೇ ಇನ್ನೂ ನಡೆಯದ ಕಾರ್ಯವನ್ನು ಸೂಚಿಸುವುದಕ್ಕೆ ಇದು ಒದಗದು. 'ವೈ ಡೋಂಟ್ ಯೂ ಸಿಟ್ ಡೌನ್' ಎಂಬುದು ಅತಿಥಿಗೆ ಮಾಡುವ ಉಪಚಾರ. ಅಲ್ಲಿ 'ಹೌ ಕಮ್' ಎಂದಿಟ್ಟರೆ ಉಪಚಾರವು ಹೋಗಿ, ನಿಂತುಕೊಂಡೇ ಇರುವುದಕ್ಕೆ ಕಾರಣವೇನೆಂಬ ವಿಚಾರಣೆಯಾಗುತ್ತದೆ.

೫

ಈಗ ಮೂರನೆಯ ಆಕ್ಷೇಪ. ಗ್ರಾಂಥಿಕತೆಯೂ ವಿನಯವೂ ಒಂದೇ ಎಂದು ತಿಳಿಯುವುದೇ ಏಣಿಯ ಕಲ್ಪನೆಯ ದೊಡ್ಡ ದೋಷ. 'ವೈ ಡಿಡ್ ಯೂ ಕಮ್ ಲೇಟ್' ಎಂಬುದು ಶುದ್ಧವಾದ, ಯಾವ ವ್ಯಾಕರಣವೂ ಆಕ್ಷೇಪಿಸದ ಶಿಷ್ಟಪ್ರಯೋಗ. ಆದರೆ ಅದನ್ನು ಹಿರಿಯನೊಬ್ಬನಿಗೆ ಕೇಳಿದರೆ ಉದ್ಧಟತನವಾಗುವುದು. ಏಕೆಂದರೆ ಅದು ಎದುರಿನವನ ಇಚ್ಛೆಯನ್ನು ನೇರವಾಗಿ ಪ್ರಶ್ನಿಸುತ್ತದೆ. 'ಹೌ ಕಮ್ ಯೂ ಕೇಮ್ ಲೇಟ್' ಎಂಬುದು ಸಲಿಗೆಯ ಮಾತಾದರೂ, ಸಂಗತಿಯು ಹೇಗೋ ಒದಗಿತೆಂದು ಒಪ್ಪಿಕೊಂಡು ಕೇಳುವುದರಿಂದ, ಸಮಾನರ ನಡುವೆ 'ವೈ' ಎಂಬುದಕ್ಕಿಂತ ಮೃದುವಾಗಿ ಕೇಳಿಸಬಹುದು. ವಿನಯವು ಬೇಕಾದಾಗ ಇಂಗ್ಲಿಷರು ಪ್ರಶ್ನಪದವನ್ನು ಬದಲಾಯಿಸುವುದಿಲ್ಲ. ಪ್ರಶ್ನೆಯನ್ನೇ ಮತ್ತೊಂದು ವಾಕ್ಯಕ್ಕೆ ಅಧೀನಮಾಡುತ್ತಾರೆ: 'ಮೇ ಐ ಆಸ್ಕ್ ವೈ ಯೂ ಕೇಮ್ ಲೇಟ್'.

ಈ ಮೂರು ವಾಕ್ಯಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ವಿಶೇಷವು ಕಂಡುಬರುತ್ತದೆ. ಅತ್ಯಂತ ಸಲಿಗೆಯ 'ಹೌ ಕಮ್' ವಾಕ್ಯದಲ್ಲಿಯೂ ಅತ್ಯಂತ ವಿನಯದ ಪರೋಕ್ಷಪ್ರಶ್ನೆಯಲ್ಲಿಯೂ 'ಯೂ ಕೇಮ್ ಲೇಟ್' ಎಂಬ ಭಾಗವು ತಿರುಗದೆ ನೆಟ್ಟಗೆ ನಿಂತಿದೆ. ನಡುವಿನ ನೇರಪ್ರಶ್ನೆಯಲ್ಲಿ ಮಾತ್ರ ಅದು ತಿರುಗಿ ಕೇಳುವವನನ್ನೂ ಉತ್ತರಿಸುವವನನ್ನೂ ಎದುರುಬದುರು ನಿಲ್ಲಿಸುತ್ತದೆ. ಏಣಿಯೆಂದು ಭಾವಿಸಿದ ವಸ್ತುವಿನ ಎರಡು ತುದಿಗಳು ಹೀಗೆ ಒಂದನ್ನೊಂದು ಮುಟ್ಟುತ್ತಿವೆ. ಆದುದರಿಂದ ಅದು ಏಣಿಯಲ್ಲ.

ಇನ್ನು ಅತಿಗ್ರಾಂಥಿಕ ಪ್ರಯೋಗಗಳ ವಿನಯವೆಷ್ಟು ಎಂಬುದನ್ನು ನೋಡಬೇಕು. ಬ್ರಿಟಿಷ್ ಪಾರ್ಲಿಮೆಂಟಿನ ಲಿಖಿತಪ್ರಶ್ನೆಗಳಲ್ಲಿ 'ಫಾರ್ ವಾಟ್ ರೀಸನ್' ಎಂಬುದು ಪರಿಚಿತವಾದ ಮಾತು. ಅದರ ಗುಣವು ನಿರ್ಲಿಪ್ತತೆ. ಮಂತ್ರಿಯ ಮನಸ್ಸನ್ನು ಕೇಳದೆ ದಾಖಲೆಯಲ್ಲಿ ನಿಲ್ಲುವ ಕಾರಣವನ್ನು ಕೇಳುತ್ತದೆ. 'ಆನ್ ವಾಟ್ ಗ್ರೌಂಡ್ಸ್' ಎಂಬುದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾರಣವನ್ನಲ್ಲದೆ ಸಮರ್ಥನೆಯನ್ನೂ ಆಧಾರವನ್ನೂ ಕೇಳುತ್ತದೆ. ಇವು ಕಠೋರವಲ್ಲ, ಮೃದುವೂ ಅಲ್ಲ.

ಗ್ರಾಂಥಿಕತೆಯ ಪರಾಕಾಷ್ಠೆಯಲ್ಲಿ ನೇರವಾದ ಪ್ರಶ್ನೆಯೇ ಮಾಯವಾಗುವುದು. ಅದೇ 'ಷೋ ಕಾಸ್', ಕನ್ನಡದಲ್ಲಿ 'ಕಾರಣ ಕೇಳಿ ನೋಟೀಸು' ಎಂದು ಪ್ರಸಿದ್ಧವಾದದ್ದು. ೧೯೩೫ರ ಭಾರತ ಸರ್ಕಾರದ ಶಾಸನದ ೨೪೦ನೆಯ ಪ್ರಕರಣದಲ್ಲಿ, ಸರ್ಕಾರಿ ನೌಕರನನ್ನು ವಜಾಮಾಡುವುದಕ್ಕಾಗಲಿ ಕೆಳದರ್ಜೆಗೆ ಇಳಿಸುವುದಕ್ಕಾಗಲಿ ಮೊದಲು ಅವನಿಗೆ ಕಾರಣ ತೋರಿಸಲು ಯುಕ್ತವಾದ ಅವಕಾಶವನ್ನು ಕೊಡಬೇಕೆಂದು ವಿಧಿಸಲಾಗಿತ್ತು. ಅಲ್ಲಿ ಈ ಮಾತು ನೌಕರನ ರಕ್ಷಣೆಗಾಗಿ ಬಂದದ್ದು. ಆದರೆ ಕಚೇರಿಯಿಂದ ಹೊರಡುವ ಪತ್ರದಲ್ಲಿ ಅದರ ರೂಪವು ಆಜ್ಞೆಯದು: ನಿಮ್ಮ ಮೇಲೆ ಕ್ರಮವನ್ನು ಏಕೆ ಜರುಗಿಸಬಾರದೆಂಬುದಕ್ಕೆ ಕಾರಣವನ್ನು ತೋರಿಸತಕ್ಕದ್ದು. ಇಲ್ಲಿ ಕ್ರಿಯೆಯು ವಿಧ್ಯರ್ಥದಲ್ಲಿದೆ. 'ಏಕೆ' ಎಂಬುದು ಉಪವಾಕ್ಯದೊಳಗೆ ಅಡಗಿದೆ. ಕೇಳುವವನು ಕಾರಣವನ್ನು ಕೊಡಬೇಕಾದ ಹೊಣೆಯನ್ನು ಎದುರಿನವನ ತಲೆಯ ಮೇಲಿಟ್ಟಿದ್ದಾನೆ. ಗೌರವಪದಗಳಿಂದ ತುಂಬಿದ ಇಂತಹ ಪತ್ರವನ್ನು ಪಡೆದವನು ಅದನ್ನು ವಿನಯವೆಂದು ಭಾವಿಸುವನೆ? ಭಾಷೆಯು ಎಷ್ಟು ಔಪಚಾರಿಕವಾಗಿದೆಯೋ ಅಧಿಕಾರವು ಅಷ್ಟು ಸ್ಪಷ್ಟವಾಗಿದೆ.

೬

ಇದರಿಂದ ಕನ್ನಡದ ಅಧ್ಯಾಪಕರಿಗೂ ಭಾಷಾಂತರಕಾರರಿಗೂ ಆಗುವ ಪ್ರಯೋಜನವನ್ನು ಸಂಗ್ರಹಿಸಿ ಹೇಳಬಹುದು. ಕನ್ನಡದ 'ಏಕೆ', 'ಏತಕ್ಕೆ' ಎಂಬ ರೂಪಗಳಲ್ಲಿ ಚತುರ್ಥಿಯ 'ಕೆ' ಪ್ರತ್ಯಯವು ಕಾಣುತ್ತದೆ. ಘಟನೆಯಿಂದ ನೋಡಿದರೆ ಕನ್ನಡದ ಪದವು 'ವಾಟ್ ಫಾರ್' ಎಂಬುದಕ್ಕೆ ಸಮೀಪ. ಪ್ರಯೋಗದಿಂದ ನೋಡಿದರೆ 'ವೈ' ಪದದಷ್ಟೇ ವ್ಯಾಪಕ. ಪ್ರಯೋಜನವನ್ನೇ ಕೇಳುವ ಎಡೆಯಲ್ಲಿ 'ಯಾವ ಉದ್ದೇಶಕ್ಕಾಗಿ' ಎಂದೂ, ಆಧಾರವನ್ನು ಕೇಳುವ ಎಡೆಯಲ್ಲಿ 'ಯಾವ ಆಧಾರದ ಮೇಲೆ' ಎಂದೂ ಬಿಡಿಸಿ ಹೇಳದಿದ್ದರೆ ಮೂಲದ ಭೇದವು ಅಳಿಸಿಹೋಗುವುದು.

ಎರಡನೆಯದಾಗಿ, ಇಂಗ್ಲಿಷ್ ಪ್ರಶ್ನಪದದಿಂದಲೂ ಪದಕ್ರಮದಿಂದಲೂ ಸಾಧಿಸುವುದನ್ನು ಕನ್ನಡವು ಕ್ರಿಯಾಪದದಿಂದ ಸಾಧಿಸುತ್ತದೆ. 'ಏಕೆ ತಡಮಾಡಿದಿರಿ' ಎಂಬಲ್ಲಿ ಕರ್ತೃವಿನ ಮೇಲೆ ಹೊಣೆ ಬೀಳುತ್ತದೆ. 'ತಡವಾಯಿತಲ್ಲ, ಏಕೆ' ಎಂಬಲ್ಲಿ ಸಂಗತಿಯನ್ನು ಒಪ್ಪಿಕೊಂಡು, ಹೊಣೆಯನ್ನು ಕಾಲದ ಮೇಲೆ ಹಾಕಿ ಕೇಳಿದಂತಾಗುತ್ತದೆ. ಮೊದಲನೆಯದು 'ವೈ', ಎರಡನೆಯದು 'ಹೌ ಕಮ್'. ಹಾಗೆಯೇ ಅತಿಥಿಗೆ ಹೇಳುವ 'ವೈ ಡೋಂಟ್ ಯೂ ಸಿಟ್ ಡೌನ್' ಎಂಬುದನ್ನು 'ನೀವೇಕೆ ಕುಳಿತುಕೊಳ್ಳುವುದಿಲ್ಲ' ಎಂದು ಭಾಷಾಂತರಿಸಿದರೆ ಪದಕ್ಕೆ ಪದವು ಸರಿ, ಭಾವಕ್ಕೆ ಭಾವವು ಗದರಿಕೆ. 'ಕುಳಿತುಕೊಳ್ಳಬಾರದೆ' ಎಂಬುದೇ ಅದರ ಸರಿಯಾದ ಕನ್ನಡ. ಅಲ್ಲಿ 'ಏಕೆ' ಎಂಬ ಪದವೇ ಬೇಕಿಲ್ಲ.

ಮೂರನೆಯದಾಗಿ, ವಿದ್ಯಾರ್ಥಿಯು 'ವೇರ್‌ಫೋರ್' ಎಂಬ ಪದವನ್ನು ಓದುವುದಕ್ಕೆ ಕಲಿಯಬೇಕೇ ಹೊರತು ಮಾತನಾಡುವುದಕ್ಕಲ್ಲ. ಅದನ್ನು ಹಳೆಯ ಕೃತಿಯಲ್ಲಿ ಕಂಡಾಗ ಕೃತಕವಾದ ಗಾಂಭೀರ್ಯವನ್ನು ಆರೋಪಿಸಿ 'ಯಾವ ಹೇತುವಿನ ನಿಮಿತ್ತದಿಂದ' ಎಂದು ಕನ್ನಡಿಸಬೇಕಾದ ಅಗತ್ಯವಿಲ್ಲ. ಅಂದಿನವರ ಬಾಯಲ್ಲಿ ಅದು ಬಳಕೆಯ ಮಾತೇ ಆಗಿದ್ದುದರಿಂದ ಇಂದಿನ ಕನ್ನಡದ ಬಳಕೆಯ ಮಾತೇ ಅದಕ್ಕೆ ಪ್ರತಿಯಾಗತಕ್ಕದ್ದು.

ಕೋಶಗಳಲ್ಲಿ ಇಂತಹ ಪದಗಳಿಗೆ ಒಂದು ಗೌರವಚಿಹ್ನೆಯನ್ನು ಮಾತ್ರ ಕೊಡದೆ ನಾಲ್ಕು ಅಂಶಗಳನ್ನು ಬೇರೆಬೇರೆಯಾಗಿ ತಿಳಿಸುವುದು ಯುಕ್ತ: ಕೇಳುವುದು ಕಾರಣವನ್ನೋ ಪ್ರಯೋಜನವನ್ನೋ ಆಧಾರವನ್ನೋ, ವಾಕ್ಯದಲ್ಲಿ ಅದರ ಅನ್ವಯವೆಂತು, ಯಾವ ಕಾಲದ ಬಳಕೆ, ಯಾರು ಯಾರನ್ನು ಕೇಳಿದರೆ ಅದು ಸಹ್ಯ. ಈ ನಾಲ್ಕನ್ನೂ ಗ್ರಾಂಥಿಕತೆಯೆಂಬ ಒಂದೇ ಮಾತಿನಲ್ಲಿ ಅಡಕಮಾಡಿದುದರಿಂದಲೇ ಮೇಲೆ ಕಂಡ ಪ್ರಮಾದಗಳು ಉಂಟಾಗಿವೆ. ಕನ್ನಡದ ಪ್ರಶ್ನಪದಗಳನ್ನೂ ಇದೇ ಕ್ರಮದಲ್ಲಿ ಪರಾಮರ್ಶಿಸುವ ಕಾರ್ಯವು ವಿದ್ವಾಂಸರಿಂದ ನಡೆಯಬೇಕಾಗಿದೆ.